ಮಸ್ಕಿಯ ಶಾಸನ, ಹಟ್ಟಿಯ ಧೂಳು

ಮುದ್ದೇಬಿಹಾಳದಿಂದ ನಾಲತವಾಡದ ಮೇಲೆ ಸಾಗಿ ನಾರಾಯಣಪುರದ ಬಳಿ ಕೃಷ್ಣೆಯನ್ನು ದಾಟಿದರೆ ಲಿಂಗಸುಗೂರು ಸೀಮೆ, ಹಟ್ಟಿಯ ಚಿನ್ನದ ನಾಡು. ನಮ್ಮಲ್ಲಿ ಮದುವೆಯ ಮಾತು ಬಂದರೆ ಎಷ್ಟು ತೊಲೆ ಎಂದು ಕೇಳುತ್ತಾರೆ; ಆ ಬಂಗಾರ ನೆಲದಿಂದ ಹೇಗೆ ಮೇಲೆ ಬಂತೆಂದು ಕೇಳಿದವರನ್ನು ನಾನು ಕಂಡಿಲ್ಲ.

1915ರಲ್ಲಿ ಚಿನ್ನದ ಶೋಧದಲ್ಲಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಬಂಡೆಯ ಮೇಲೊಂದು ಬರಹ ಕಂಡ. 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಶಾಸನವನ್ನು ಎಲ್ಲರೂ ಬಲ್ಲರು. ಶೋಧಕನನ್ನು ಅಲ್ಲಿಗೆ ಕರೆತಂದ ಬಂಗಾರವನ್ನು ನೆನೆಯುವವರು ಕಡಿಮೆ.

ಆ ಕಾಲದ ಶೋಧಕರಿಗೆ ದಾರಿ ತೋರುತ್ತಿದ್ದುದು ಹೆಚ್ಚಾಗಿ ಪ್ರಾಚೀನರ ಗುಂಡಿಗಳೇ. ಹಟ್ಟಿಯಲ್ಲಿ ಅವು 600 ಅಡಿಗೂ ಆಳಕ್ಕಿಳಿದಿವೆ. ಒಳಗೆ ದೊರೆತ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವು. ಸಿಡಿಮದ್ದಿಲ್ಲದ ಆ ದಿನಗಳಲ್ಲಿ ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಬಿರಿಸುತ್ತಿದ್ದರು. ಇಕ್ಕಟ್ಟಾದ ಬಿಲದಲ್ಲಿ ಹೊಗೆ, ಹಬೆ, ಮೇಲಿನಿಂದ ಕಳಚುವ ಕಲ್ಲು. ಹೊರಬಂದರೆ ಎಡೆದೊರೆ ನಾಡಿನ ಬಿಸಿಲು, ಹಾವು, ಚೇಳು. (ಬಿಸಿಲಿಗೆ ನಾವೇನೂ ಹೊಸಬರಲ್ಲ, ಬಿಡಿ.) ಎಲ್ಲಕ್ಕಿಂತ ಕ್ರೂರವಾದುದು ಬೆಣಚುಕಲ್ಲಿನ ಧೂಳು. ಅದು ವರ್ಷಗಳ ಕಾಲ ಸದ್ದಿಲ್ಲದೆ ಶ್ವಾಸಕೋಶವನ್ನು ಗಡುಸಾಗಿಸುತ್ತದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದರೂ ಆ ಧೂಳು ಕಾರ್ಮಿಕರ ಎದೆಯಲ್ಲಿ ಉಳಿಯಿತು.

ಹೊಸ ನಿಕ್ಷೇಪದ ವಿಷಯ ಬಂದಾಗಲೆಲ್ಲ ಎಷ್ಟು ಟನ್ ಎಂಬುದೇ ಸುದ್ದಿ. ತೋಡಿದ ಗುಂಡಿಗಳನ್ನು ಮುಚ್ಚುವವರು ಯಾರು, ಕೆಲಸ ಬಿಟ್ಟ ದಿನಗೂಲಿಯವರ ಎದೆಯನ್ನು ಎಷ್ಟು ವರ್ಷ, ಯಾರ ಖರ್ಚಿನಲ್ಲಿ ಪರೀಕ್ಷಿಸಬೇಕು ಎಂಬುದನ್ನು ಶೋಧದ ಪರವಾನಗಿಯಲ್ಲೇ ಬರೆದಿಡಬೇಕೆಂದು ನನ್ನ ಒತ್ತಾಯ.