ಹಳೆಯ ಡೀಸೆಲ್ ಪಂಪ್‌ಸೆಟ್ ಎಂಜಿನ್‌ಗಳಲ್ಲಿ ತಂಪು ನೀರಿನ ಹರಿವು: ದೋಷ ಪತ್ತೆ ಹಾಗೂ ನಿವಾರಣೆ

(ಆನವಟ್ಟಿ ಹೋಬಳಿಯ ರೈತ ಬಾಂಧವರ ಮಾಹಿತಿಗಾಗಿ)

ಸೊರಬ ತಾಲ್ಲೂಕಿನ ಆನವಟ್ಟಿ ಹೋಬಳಿಯಲ್ಲಿ ವರದಾ ನದಿ, ಹಳ್ಳ ಹಾಗೂ ಕೆರೆಗಳ ದಂಡೆಯ ಜಮೀನುಗಳಿಗೆ ನೀರೆತ್ತಲು ಹಳೆಯ ಡೀಸೆಲ್ ಎಂಜಿನ್‌ಗಳು ಇಂದಿಗೂ ಬಳಕೆಯಲ್ಲಿವೆ. ವರ್ಷದ ಬಹುಭಾಗ ಕೊಟ್ಟಿಗೆಯ ಮೂಲೆಯಲ್ಲಿ ಇರುವ ಈ ಎಂಜಿನ್‌ಗಳು ಹೊರಬರುವುದು ಮಳೆ ಕೈಕೊಟ್ಟಾಗ. 2023ರಲ್ಲಿ ಮುಂಗಾರು ವಿಫಲವಾಗಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುದು ಎಲ್ಲರ ನೆನಪಿನಲ್ಲಿದೆ. ಅಂತಹ ಸಮಯದಲ್ಲಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡಲ್ಲಿ, ನಾಟಿ ಮಾಡಿದ ಭತ್ತವಾಗಲಿ ಅಡಿಕೆ ಸಸಿಯಾಗಲಿ ದುರಸ್ತಿ ಮುಗಿಯುವವರೆಗೆ ಕಾಯುವುದಿಲ್ಲ.

ಎಂಜಿನ್ ಅತಿಯಾಗಿ ಕಾಯುತ್ತದೆ ಎಂಬ ಕಾರಣಕ್ಕೆ ಅದನ್ನು ಗುಜರಿಗೆ ಹಾಕಿ ಹೊಸದಕ್ಕೆ ಅರ್ಜಿ ಸಲ್ಲಿಸುವ ಮುನ್ನ ತಂಪು ನೀರಿನ ಮಾರ್ಗವನ್ನು ಒಮ್ಮೆ ಪರಿಶೀಲಿಸುವುದು ಸೂಕ್ತ. ಅನೇಕ ವೇಳೆ ದೋಷವು ಎಂಜಿನ್‌ನಲ್ಲಿ ಇರುವುದೇ ಇಲ್ಲ. ನೀರು ಎಂಜಿನ್‌ಗೆ ತಲುಪುವ ದಾರಿಯಲ್ಲಿ ಇರುತ್ತದೆ.

ವ್ಯವಸ್ಥೆಯ ಸ್ವರೂಪ

5 ಅಶ್ವಶಕ್ತಿಯ ಹಳೆಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಪಂಪಿನ ಡೆಲಿವರಿ ಪೈಪಿನಿಂದಲೇ ಅರ್ಧ ಇಂಚಿನ ಕವಲು ತೆಗೆದು, ಒಂದು ಕಾಕ್ ಮೂಲಕ ಸಿಲಿಂಡರ್ ಜಾಕೆಟ್ಟಿನ ಕೆಳಭಾಗಕ್ಕೆ ನೀರು ಕೊಡಲಾಗಿರುತ್ತದೆ. ಆ ನೀರು ಸಿಲಿಂಡರನ್ನು ಸುತ್ತಿ, ಹೆಡ್ಡಿನ ಮೂಲಕ ಮೇಲೇರಿ ಹೊರಬೀಳುತ್ತದೆ. ದೋಣಿಯ ಎಂಜಿನ್ ತಾನು ತೇಲುವ ನೀರನ್ನೇ ಸೇದಿಕೊಂಡು ತಂಪಾಗುವ ಪದ್ಧತಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

ಈ ವ್ಯವಸ್ಥೆಯ ಮುಖ್ಯ ಲಕ್ಷಣವನ್ನು ಗಮನಿಸತಕ್ಕದ್ದು. ಪಂಪ್ ನೀರೆತ್ತುವುದನ್ನು ನಿಲ್ಲಿಸಿದ ಕ್ಷಣವೇ ಎಂಜಿನ್‌ಗೆ ತಂಪು ನೀರು ನಿಲ್ಲುತ್ತದೆ, ಆದರೆ ಎಂಜಿನ್ ಓಡುತ್ತಲೇ ಇರುತ್ತದೆ. ಭಾರ ಇಳಿದುದರಿಂದ ಅದರ ಸದ್ದು ಹಗುರಾಗುತ್ತದೆ. ದೂರದಲ್ಲಿ ಬದುವಿನ ಮೇಲೆ ಇರುವವರಿಗೆ ಎಂಜಿನ್ ಚೆನ್ನಾಗಿ ಓಡುತ್ತಿದೆ ಎಂದೇ ಭಾಸವಾಗುತ್ತದೆ.

ಎಷ್ಟು ನೀರು ಬರಬೇಕು

5 ಅಶ್ವಶಕ್ತಿಯ ಎಂಜಿನ್ ಪೂರ್ಣ ಭಾರದಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಸುಡುತ್ತದೆ. ಅದರಿಂದ ಹುಟ್ಟುವ ಶಾಖದಲ್ಲಿ ಸರಿಸುಮಾರು ಮೂರನೇ ಒಂದು ಭಾಗವನ್ನು ತಂಪು ನೀರು ಹೊತ್ತೊಯ್ಯಬೇಕು. ಒಳಹೋಗುವ ನೀರು 28 ಡಿಗ್ರಿ, ಹೊರಬರುವ ನೀರು 65 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದು ಲೆಕ್ಕ ಹಾಕಿದಲ್ಲಿ ನಿಮಿಷಕ್ಕೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರು ಸಾಕಾಗುತ್ತದೆ. ಅಂದರೆ ಒಂದು ಲೀಟರಿನ ಚೊಂಬು ಮುಕ್ಕಾಲು ನಿಮಿಷದೊಳಗೆ ತುಂಬಬೇಕು. ಚೊಂಬು ಹಾಗೂ ಗಡಿಯಾರ ಇದ್ದವರು ಯಾರಾದರೂ ಈ ಪರೀಕ್ಷೆಯನ್ನು ಮಾಡಬಹುದಾಗಿದೆ.

ಹೊರಬರುವ ನೀರಿನಲ್ಲಿ ಕೈಯನ್ನು ಕ್ಷಣಕಾಲ ಇಡಲು ಸಾಧ್ಯವಾಗಿ, ಹೆಚ್ಚು ಹೊತ್ತು ಇಡಲಾಗದಿದ್ದರೆ ಶಾಖವು ಸರಿಯಾಗಿದೆ ಎಂದು ತಿಳಿಯಬಹುದು. ಆವಿ ಏಳುತ್ತಿದ್ದರೆ ಅಥವಾ ನೀರು ತಡೆತಡೆದು ಚಿಮ್ಮುತ್ತಿದ್ದರೆ ಕೈ ಒಡ್ಡಬಾರದು. ನೀರು ತಣ್ಣಗೆ, ಧಾರಾಳವಾಗಿ ಬಂದಷ್ಟೂ ಎಂಜಿನ್‌ಗೆ ಒಳ್ಳೆಯದೆಂಬ ನಂಬಿಕೆ ಹಲವರಲ್ಲಿದೆ. ಇದು ಸರಿಯಲ್ಲ. ತೀರ ತಣ್ಣಗಿರುವ ಎಂಜಿನ್‌ನಲ್ಲಿ ಡೀಸೆಲ್ ಪೂರ್ಣವಾಗಿ ಉರಿಯದೆ ಕೀಲೆಣ್ಣೆಗೆ ಇಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕಾಕ್ ಇರುವುದು ಈ ಹರಿವನ್ನು ಹದ ಮಾಡುವುದಕ್ಕೆ.

ಪರಿಶೀಲನೆಯ ಕ್ರಮ

ನೀರು ಕಡಿಮೆಯಾದಾಗ ಅಥವಾ ನಿಂತಾಗ ಮೊದಲು ನೋಡಬೇಕಾದುದು ಡೆಲಿವರಿ ಪೈಪನ್ನು. ಅಲ್ಲಿಯೇ ನೀರು ಕುಗ್ಗಿದ್ದರೆ ದೋಷವು ಸೇದುವ ಕಡೆ ಇದೆ. ಫುಟ್‌ವಾಲ್ವಿನ ಜಾಲರಿಗೆ ಎಲೆ, ಪಾಚಿ ಕಟ್ಟಿರಬಹುದು. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದು ಫುಟ್‌ವಾಲ್ವ್ ಮೇಲೆ ಬಂದಿರಬಹುದು. ಪೈಪಿನ ಜೋಡಣೆಯಲ್ಲಿ ಅಥವಾ ಪಂಪಿನ ಗ್ಲ್ಯಾಂಡಿನಲ್ಲಿ ಗಾಳಿ ಎಳೆಯುತ್ತಿರಬಹುದು. ಸೇದುವ ಕಡೆಯ ಬಿರುಕಿನಿಂದ ನೀರು ಹೊರಗೆ ಜಿನುಗುವುದಿಲ್ಲ, ಗಾಳಿ ಒಳಹೋಗುತ್ತದೆ. ಆದ್ದರಿಂದ ಅದು ಕಣ್ಣಿಗೆ ಬೀಳುವುದು ಕಷ್ಟ. ಜೋಡಣೆಗಳ ಮೇಲೆ ಹಸಿ ಜೇಡಿಮಣ್ಣು ಮೆತ್ತಿದಾಗ ಪಂಪಿನ ಧಾರೆ ಚೇತರಿಸಿಕೊಂಡರೆ ಸೋರಿಕೆಯ ಜಾಗ ಅದೇ ಎಂದು ತಿಳಿಯತಕ್ಕದ್ದು.

ಡೆಲಿವರಿಯಲ್ಲಿ ನೀರು ರಭಸವಾಗಿದ್ದು ಎಂಜಿನ್‌ನಿಂದ ಮಾತ್ರ ಬಾರದಿದ್ದಲ್ಲಿ, ಎಂಜಿನ್ ನಿಲ್ಲಿಸಿ ತಣಿದ ನಂತರ ಕವಲು ಪೈಪನ್ನು ಜಾಕೆಟ್ಟಿನ ಬಳಿ ಬಿಚ್ಚಿ, ಅದರ ತುದಿಯನ್ನು ಬಕೆಟ್ಟಿಗೆ ಹಿಡಿದು ಒಂದೆರಡು ನಿಮಿಷ ಮಾತ್ರ ಪಂಪ್ ಓಡಿಸಬೇಕು. ಬಕೆಟ್ಟಿಗೆ ನೀರು ಬಾರದಿದ್ದರೆ ಕವಲು ಪೈಪ್ ಅಥವಾ ಕಾಕ್ ಕಟ್ಟಿದೆ. ಹಳೆಯ ಗೇಟ್‌ವಾಲ್ವುಗಳಲ್ಲಿ ಒಳಗಿನ ತಟ್ಟೆ ಕಡ್ಡಿಯಿಂದ ಕಳಚಿ ಬೀಳುವುದುಂಟು. ಹಿಡಿ ತಿರುಗುತ್ತದೆ, ವಾಲ್ವ್ ತೆರೆಯುವುದಿಲ್ಲ. ಇದನ್ನು ಅರಿಯದೆ ಹೆಡ್ ಬಿಚ್ಚಿಸಿ, ಇಲ್ಲದ ದೋಷಕ್ಕೆ ಕೂಲಿ ತೆರುವುದು ವ್ಯರ್ಥ ವೆಚ್ಚ.

ಬಕೆಟ್ಟಿಗೆ ನೀರು ಚೆನ್ನಾಗಿ ಬಂದರೆ ತಡೆ ಜಾಕೆಟ್ಟಿನೊಳಗಿದೆ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ ಬರುವ ವರದೆಯ ನೀರು ಮಳೆಗಾಲದಲ್ಲಿ ಕೆಂಪಗಿರುತ್ತದೆ. ಆ ಹೂಳು ಜಾಕೆಟ್ಟಿನ ತಳದಲ್ಲಿ ಕೂತು, ಎಂಜಿನ್ ಮೂಲೆ ಸೇರಿದ ತಿಂಗಳುಗಳಲ್ಲಿ ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ತಳದ ಪ್ಲಗ್ ಅಥವಾ ಮುಚ್ಚಳ ಬಿಚ್ಚಿ, ಬಾಗಿಸಿದ ತಂತಿಯಿಂದ ಕೆದಕಿ, ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ ತೊಳೆಯಬೇಕು. ವಾಡಿಕೆಯ ಹರಿವಿಗೆ ವಿರುದ್ಧವಾಗಿ ತೊಳೆದಾಗಲೇ ಹೂಳು ಕದಲುತ್ತದೆ.

ಕೊಳವೆಬಾವಿಯ ಗಡಸು ನೀರು ಬಳಸುವವರಲ್ಲಿ ತೊಂದರೆಯ ಸ್ವರೂಪವೇ ಬೇರೆ. ನೀರು ಸಾಕಷ್ಟು ಬರುತ್ತದೆ, ಹೊರಬರುವಾಗ ತಣ್ಣಗೂ ಇರುತ್ತದೆ, ಆದರೂ ಹೆಡ್ ಕಾಯುತ್ತದೆ. ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವಂತಹ ಸುಣ್ಣದ ಪದರ ಜಾಕೆಟ್ಟಿನ ಗೋಡೆಗೆ ಹತ್ತಿ ಶಾಖವನ್ನು ನೀರಿಗೆ ಬಿಡುವುದಿಲ್ಲ. ಇದನ್ನು ತೆಗೆಯುವ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸುವುದು ಲೇಸು. ಮನೆಯಲ್ಲಿರುವ ಆಸಿಡ್ ಸುರಿಯಬಾರದು.

ಡ್ರಮ್ಮಿನ ನೀರಿನಿಂದ ತಂಪಾಗುವ ಎಂಜಿನ್‌ಗಳಲ್ಲಿ ಡ್ರಮ್ಮಿನ ನೀರು ಮೇಲಿನ ಪೈಪಿನ ಬಾಯಿಗಿಂತ ಎತ್ತರದಲ್ಲಿ ಇರಲೇಬೇಕು. ಅದಕ್ಕಿಂತ ಇಳಿದರೆ, ಡ್ರಮ್ ಅರ್ಧ ತುಂಬಿದ್ದರೂ ನೀರಿನ ಸುತ್ತಾಟ ನಿಲ್ಲುತ್ತದೆ.

ಕಾದ ಎಂಜಿನ್‌ಗೆ ಮಾಡಬಾರದ್ದು

ಎಂಜಿನ್ ಕಾದಿರುವುದು ತಿಳಿದ ಕೂಡಲೇ ಗಾಬರಿಯಿಂದ ಕಾಕ್ ಪೂರ್ತಿ ತೆರೆಯುವುದಾಗಲಿ, ಹೆಡ್ಡಿನ ಮೇಲೆ ತಣ್ಣೀರು ಸುರಿಯುವುದಾಗಲಿ ಸಲ್ಲದು. ಕಾದ ಎರಕದ ಕಬ್ಬಿಣ ತಣ್ಣೀರು ತಾಗಿದರೆ ಸೀಳುತ್ತದೆ, ಸೀಳಿದ ಹೆಡ್ಡಿಗೆ ಸಾಮಾನ್ಯವಾಗಿ ಬದಲಿಯೇ ಗತಿ. ಎಂಜಿನ್ ನಿಲ್ಲಿಸಿ ತಾನಾಗಿ ತಣಿಯಲು ಬಿಡಬೇಕು. ಬಳಿಕ ಕೀಲೆಣ್ಣೆಯ ಕಡ್ಡಿ ತೆಗೆದು ನೋಡಬೇಕು. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಮತ್ತೆ ಓಡಿಸಿದಾಗ ಹೊರಬರುವ ನೀರಿನಲ್ಲಿ ಎಡೆಬಿಡದೆ ಗುಳ್ಳೆ ಕಂಡರೆ, ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರಿದಿದೆ. ಒಂದು ದಿನದ ನೀರಿಗಾಗಿ ಅಂತಹ ಎಂಜಿನ್ ಓಡಿಸಿದರೆ ಗ್ಯಾಸ್ಕೆಟ್ಟಿನಲ್ಲಿ ಮುಗಿಯಬಹುದಾದ ವೆಚ್ಚ ಬೇರಿಂಗ್ ಹಾಗೂ ಕ್ರ್ಯಾಂಕಿನವರೆಗೆ ಬೆಳೆಯುತ್ತದೆ.

ದುರಸ್ತಿ ಸಾಧ್ಯವಾಗದಿದ್ದಲ್ಲಿ

ಕೃಷಿ ಯಾಂತ್ರೀಕರಣ ಯೋಜನೆಯಡಿ ಸಹಾಯಧನವು ಹೊಸ ಯಂತ್ರೋಪಕರಣದ ಖರೀದಿಗೆ ಅನ್ವಯಿಸುತ್ತದೆಯೇ ಹೊರತು ಹಳೆಯದರ ದುರಸ್ತಿಗಲ್ಲ. ಆಯಾ ವರ್ಷದ ಮಾರ್ಗಸೂಚಿ, ಅನುದಾನದ ಲಭ್ಯತೆ ಹಾಗೂ ಗರಿಷ್ಠ ಮಿತಿಗೆ ಒಳಪಟ್ಟು ಇದು ದೊರೆಯುತ್ತದೆ. ಖರೀದಿಗೆ ಮುನ್ನವೇ ಆನವಟ್ಟಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅರ್ಜಿ ಸಲ್ಲಿಸುವುದು. ಎಫ್‌ಐಡಿ ಸಂಖ್ಯೆ, ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ, ಭಾವಚಿತ್ರ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಾದಲ್ಲಿ ಜಾತಿ ಪ್ರಮಾಣಪತ್ರವನ್ನು ಜೊತೆಗೆ ತರುವುದು. ಪಹಣಿ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿದ್ದಲ್ಲಿ ಎಫ್‌ಐಡಿ ಹೊಂದಾಣಿಕೆಯಾಗದೆ ಅರ್ಜಿ ನಿಲ್ಲುವ ಸಂಭವವಿರುವುದರಿಂದ, ಖಾತೆ ಬದಲಾವಣೆಯನ್ನು ಬೆಳೆ ಒಣಗುವ ಕಾಲಕ್ಕೆ ಮುಂದೂಡದೆ ಮೊದಲೇ ಮಾಡಿಸಿಕೊಳ್ಳುವುದು.

ಅರ್ಜಿ ವಿಲೇವಾರಿಯಾಗುವವರೆಗೆ ಬಾಡಿಗೆ ಯಂತ್ರದ ಅಗತ್ಯವಿರುವವರು 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಲಭ್ಯತೆಯನ್ನು ವಿಚಾರಿಸಬಹುದು. ಕೃಷಿ ಸಂಬಂಧಿತ ಸಲಹೆಗಾಗಿ ಕಿಸಾನ್ ಕಾಲ್ ಸೆಂಟರ್‌ನ ಶುಲ್ಕರಹಿತ ದೂರವಾಣಿ 1800-180-1551 ಅನ್ನು ಸಂಪರ್ಕಿಸಲು ಕೋರಲಾಗಿದೆ.