ಬೀದರ: ಜಂಬಿಟ್ಟಿಗೆಯ ನೆಲ, ಸುರಂಗದ ನೀರು

ಬೀದರ ನಗರವನ್ನು ಕುರಿತ ಬರೆಹಗಳು ಬಹುಮಟ್ಟಿಗೆ ಕೋಟೆಯ ಹೆಬ್ಬಾಗಿಲಿನಿಂದ ಆರಂಭಗೊಂಡು ಅರಸರ ವಂಶಾವಳಿಯಲ್ಲಿ ಮುಗಿಯುತ್ತವೆ. ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥವು ಇಲ್ಲಿನ ಸ್ಮಾರಕಗಳ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿತು. ಆ ಸ್ಮಾರಕಗಳು ನಿಂತಿರುವ ನೆಲದ ಗುಣಕ್ಕೆ ಮಾತ್ರ ಅಷ್ಟು ಗಮನ ದೊರೆತಿಲ್ಲ. ಬೀದರದ ಇತಿಹಾಸದ ಅನೇಕ ಸಂಗತಿಗಳು ಈ ನೆಲವನ್ನು ಅರಿತರೆ ಮಾತ್ರ ಸ್ಪಷ್ಟವಾಗುತ್ತವೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ, ಮಾಂಜ್ರಾ ನದಿಯ ಕಣಿವೆಗೆ ಮುಖಮಾಡಿ ಈ ನಗರ ನೆಲೆಸಿದೆ. ಸುತ್ತಲಿನ ತಗ್ಗು ಪ್ರದೇಶವೆಲ್ಲ ಕಪ್ಪುಮಣ್ಣು. ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ರಂಧ್ರಮಯವಾದ ಈ ಕಲ್ಲು ಮಳೆನೀರನ್ನು ಹೀರಿ ಕೆಳಕ್ಕಿಳಿಸುತ್ತದೆ. ಅದರ ಅಡಿಯಲ್ಲಿ ಜೇಡಿಪದರವೂ ಅದಕ್ಕೂ ಕೆಳಗೆ ಗಟ್ಟಿಯಾದ ಕರಿಶಿಲೆಯೂ ಇರುವುದರಿಂದ ನೀರು ಅಲ್ಲಿಯೇ ತಡೆದು, ಅಂಚುಗಳಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಸಿಖ್ಖರು ಗುರುನಾನಕರ ಭೇಟಿಯೊಡನೆ ಜೋಡಿಸುವ ನಾನಕ್ ಝೀರಾ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯಬೇಕಾದ ಝರಣಿ ನರಸಿಂಹನ ಗುಹೆ, ಇವೆರಡೂ ಈ ಜಂಬಿಟ್ಟಿಗೆಯ ಕೊಡುಗೆಗಳೇ. ಭಿನ್ನ ಮತಗಳ ತೀರ್ಥಗಳಿಗೆ ಭೂಮಿಯೊಳಗಿನ ಒಂದೇ ವ್ಯವಸ್ಥೆ ಆಧಾರವಾಗಿರುವುದು ಗಮನಾರ್ಹ.

ಬಹಮನಿ ಸುಲ್ತಾನ ಅಹಮದ್ ಷಾ ವಲಿಯು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಸ್ಥಳಾಂತರಿಸಿದನು. ಕೋಟೆಯ ಒಂದು ಪಾರ್ಶ್ವದಲ್ಲಿ ಬಂಡೆಯನ್ನೇ ಕೊರೆದು, ನಡುವೆ ಕಲ್ಲಿನ ಗೋಡೆಗಳನ್ನು ಉಳಿಸಿ ಮೂರು ಸಾಲಿನ ಕಂದಕ ನಿರ್ಮಿಸಿರುವುದು ಕಲ್ಲಿನ ಸ್ವಭಾವವನ್ನು ಬಲ್ಲವರ ಕೆಲಸ. ಇದೇ ಅರಸನು ಕಿರ್ಮಾನ್ ಪ್ರಾಂತದ ಸೂಫಿ ಷಾ ನಿಯಾಮತುಲ್ಲಾನ ವಂಶಜರನ್ನು ಬರಮಾಡಿಕೊಂಡನು. ಅವರಲ್ಲಿ ಖಲೀಲುಲ್ಲಾನ ಗೋರಿ, ಅಂದರೆ ಚೌಖಂಡಿ, ಇಂದಿಗೂ ಅಷ್ಟೂರಿನ ದಾರಿಯಲ್ಲಿದೆ. ಕಿರ್ಮಾನ್ ಭೂಗತ ಕಾಲುವೆಗಳಿಗೆ ಹೆಸರಾದ ಒಣನಾಡು. ಬೀದರದ ಸುರಂಗ ಬಾವಿಗಳ, ಅಂದರೆ 'ಕರೇಜ್'ಗಳ, ತಂತ್ರವು ಇಂತಹ ವಲಸೆಯ ಮೂಲಕವೇ ಬಂದಿರಬೇಕೆಂದು ಊಹಿಸಲು ಅವಕಾಶವಿದೆ.

ಕರೇಜ್‌ನ ಕ್ರಮ ಸರಳ, ನಿರ್ಮಾಣ ಕಠಿಣ. ಅಂತರ್ಜಲ ದೊರೆಯುವ ಎತ್ತರದ ತಾಣದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ತಗ್ಗಿನ ಕಡೆಗೆ ಅತ್ಯಲ್ಪ ಇಳಿಜಾರಿನಲ್ಲಿ ಸುರಂಗ ಕೊರೆಯುತ್ತಾರೆ. ಅಗೆದ ಮಣ್ಣನ್ನು ಮೇಲೆತ್ತಲು, ಗಾಳಿಬೆಳಕಿಗೆ, ಮುಂದೆ ನೀರು ಸೇದಲು ನಡುನಡುವೆ ನೇರ ಬಾವಿಗಳಿರುತ್ತವೆ. ಇಳಿಜಾರು ಹೆಚ್ಚಾದರೆ ಸುರಂಗದ ತಳ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ನೌಬಾದಿನ ಕರೇಜ್ ಸುಮಾರು ಮೂರು ಕಿಲೋಮೀಟರ್ ಉದ್ದವಿದ್ದು, ಇಪ್ಪತ್ತಕ್ಕೂ ಹೆಚ್ಚು ಬಾವಿಗಳನ್ನು ಹೊಂದಿದೆ. ಶುಕ್ಲತೀರ್ಥ ಮತ್ತು ಜಮುನಾ ಮೋರಿಗಳೆಂಬ ಇನ್ನೆರಡು ಜಾಲಗಳೂ ಇವೆ.

ನೆಲದ ಗುಣವು ಕುಶಲಕರ್ಮಿಗಳ ಕೈಗೂ ಒದಗಿದೆ. ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯಲ್ಲಿ ಬೆಳ್ಳಿಯ ಕುಸುರಿ ಕೂರಿಸಿದ ಮೇಲೆ, ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದೊಡನೆ ಕಲಸಿ ಲೇಪಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇದೇ ಬಿದರಿ.

ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು ಬೆರೆತ ಇಲ್ಲಿನ ಜನಜೀವನವನ್ನು ವಿವರಿಸಲು ಪ್ರತ್ಯೇಕ ಲೇಖನವೇ ಬೇಕು. ಅಷ್ಟೂರಿನಲ್ಲಿ ಅಹಮದ್ ಷಾನ ಉರುಸಿಗೆ ಮಾಡ್ಯಾಳದ ಜಂಗಮರು ಬಂದು ಪ್ರಮುಖ ಪಾತ್ರ ವಹಿಸುವುದನ್ನೂ, ಸುಲ್ತಾನನನ್ನು ಅಲ್ಲಮಪ್ರಭುವಿನ ರೂಪವೆಂದು ಭಾವಿಸುವುದನ್ನೂ ಇಲ್ಲಿ ಸೂಚಿಸಿದರೆ ಸಾಕು.

ಮಹಮೂದ್ ಗವಾನನ ಮದರಸಾ (1472) ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಸಿಕ್ಕಿ ಅರ್ಧ ಕುಸಿಯಿತು. ಆ ಹಾನಿ ಎಲ್ಲರಿಗೂ ಕಾಣುತ್ತದೆ. ಕರೇಜ್‌ಗಳ ಹಾನಿ ಹಾಗಲ್ಲ. ನಗರ ಬೆಳೆದಂತೆ ಅನೇಕ ಬಾವಿಗಳ ಬಾಯಿ ಮಣ್ಣು, ಕಸ, ಕಟ್ಟಡಗಳ ಅಡಿಯಲ್ಲಿ ಮರೆಯಾಯಿತು. 2010ರ ದಶಕದಲ್ಲಿ ಸಂಶೋಧಕರು ನೌಬಾದಿನ ಜಾಡನ್ನು ಗುರುತಿಸಿದರು, ಹೂಳೆತ್ತುವ ಕೆಲಸವೂ ನಡೆಯಿತು. ಆದರೆ ಜಂಬಿಟ್ಟಿಗೆಯ ಮೇಲ್ಮೈಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ ಸುರಂಗ ಸುಸ್ಥಿತಿಯಲ್ಲಿದ್ದರೂ ನೀರು ಇಳಿಯಲಾರದು. ಆದ್ದರಿಂದ ಸಂರಕ್ಷಣೆಯ ಎಲ್ಲೆಯನ್ನು ಬಾವಿಗಳ ಸುತ್ತಳತೆಗೆ ಸೀಮಿತಗೊಳಿಸದೆ, ತಾಯಿಬಾವಿಗೆ ನೀರೂಡುವ ಮೇಲಿನ ಬಯಲಿನವರೆಗೂ ಗುರುತಿಸಬೇಕಾಗಿದೆ.