ಜಾತ್ರೆಯ ಹಚ್ಚೆ ಮತ್ತು ಕಿವಿ ಚುಚ್ಚುವಿಕೆ: ಸೂಜಿಗೆ ಮುನ್ನ ವಿಚಾರಣೆ

ಜಾತ್ರೆ, ಸಂತೆಗಳಲ್ಲಿ ಹಚ್ಚೆ ಹಾಕುವವರಿಗೂ ಕಿವಿ, ಮೂಗು ಚುಚ್ಚುವವರಿಗೂ ಸ್ಥಳ ನೀಡುವಾಗ ಸೂಜಿಯ ಶುಚಿತ್ವದ ಬಗ್ಗೆ ಎಚ್ಚರಿಸುವುದುಂಟು. ಅದು ಅವಶ್ಯವೇ ಸರಿ. ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು. ಬಟ್ಟೆಯಲ್ಲಿ ಒರೆಸಿದ ಮಾತ್ರಕ್ಕೆ ಸೂಜಿ ಶುದ್ಧವಾಗದು. ಆದರೆ ಹೊಸ ಸೂಜಿಯೂ ಎಲ್ಲರಿಗೂ ನಿರಪಾಯವಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು.

ಹತೋಟಿಯಲ್ಲಿಲ್ಲದ ಮಧುಮೇಹವಿದ್ದವರ ಗಾಯ ಬೇಗ ಮಾಯದೆ ಕೀವುಗಟ್ಟುವ ಸಂಭವ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಹಾಗೂ ಹಿಮೋಫಿಲಿಯಾ ಇರುವವರಿಗೆ ರಕ್ತಸ್ರಾವ ನಿಲ್ಲುವುದು ಕಷ್ಟ. ಹೃದಯದ ಕವಾಟ ಕೆಟ್ಟವರಲ್ಲಿ ಅಥವಾ ಕೃತಕ ಕವಾಟ ಅಳವಡಿಸಿಕೊಂಡವರಲ್ಲಿ ಚರ್ಮದ ಸೋಂಕು ರಕ್ತದ ಮೂಲಕ ಕವಾಟವನ್ನು ತಲುಪಿ ಪ್ರಾಣಕ್ಕೇ ಎರವಾಗಬಹುದು. ಇಂಥವರು ನೋಟಕ್ಕೆ ಆರೋಗ್ಯವಂತರಂತೆಯೇ ಇರುತ್ತಾರೆ. ಕೇಳದ ಹೊರತು ತಿಳಿಯದು. ಹಳೆಯ ಗಾಯದ ಕಲೆ ಗಂಟಾಗಿ ಬೆಳೆದವರು, ಅಗ್ಗದ ಓಲೆಯಿಂದ ಕಿವಿ ತುರಿಸುವವರು, ಗರ್ಭಿಣಿಯರು ಮತ್ತು ಮದ್ಯಪಾನ ಮಾಡಿ ಬಂದವರನ್ನೂ ಚುಚ್ಚದೆ ಹಿಂದಕ್ಕೆ ಕಳುಹಿಸುವುದು ಲೇಸು.

ಶಿಶುವಿನ ಕಿವಿ ಚುಚ್ಚುವ ಶಾಸ್ತ್ರವನ್ನು ಅನೇಕರು ಅಕ್ಕಸಾಲಿಗರಲ್ಲಿ ನೆರವೇರಿಸುತ್ತಾರೆ. ಧನುರ್ವಾಯುವಿನಿಂದಲೂ ರಕ್ಷಿಸುವ ಪೆಂಟಾವಲೆಂಟ್ ಲಸಿಕೆಯನ್ನು 6, 10 ಮತ್ತು 14ನೇ ವಾರಗಳಲ್ಲಿ ನೀಡಲಾಗುತ್ತದೆ. ತಾಯಿ ಕಾರ್ಡಿನಲ್ಲಿ ಈ ಮೂರೂ ದಾಖಲಾದ ನಂತರ ಶಾಸ್ತ್ರ ಇರಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರು ಮನೆಯವರಿಗೆ ತಿಳಿಹೇಳಬಹುದು.

ಎಚ್‌ಐವಿ ಇದೆಯೇ ಎಂದು ಮಾತ್ರ ಯಾರನ್ನೂ ಒತ್ತಾಯಿಸಿ ಕೇಳಕೂಡದು. ಸೋಂಕಿತರಲ್ಲಿ ಅನೇಕರಿಗೆ ಅದು ಸ್ವತಃ ತಿಳಿದಿರುವುದಿಲ್ಲವಾದ್ದರಿಂದ ಆ ಪ್ರಶ್ನೆಯಿಂದ ರಕ್ಷಣೆಯೂ ದೊರೆಯದು. ತನ್ನ ಸ್ಥಿತಿಯನ್ನು ಬಹಿರಂಗಪಡಿಸುವಂತೆ ವ್ಯಕ್ತಿಯನ್ನು ಬಲವಂತಪಡಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿರ್ಬಂಧಿಸುತ್ತದೆ. ಒಬ್ಬರಿಗೆ ಒಂದೇ ಸೂಜಿ, ಒಬ್ಬರಿಗಷ್ಟೇ ಶಾಯಿಯ ಬಟ್ಟಲು ಎಂಬ ನಿಯಮ ಸರ್ವರಿಗೂ ಸಮಾನವಾಗಿರತಕ್ಕದ್ದು.

ಹಚ್ಚೆ ಹಾಕುವವರು ದಿನದ ದುಡಿಮೆಯನ್ನೇ ನೆಚ್ಚಿದವರು. ಬಂದ ಗಿರಾಕಿಯನ್ನು ಕಳುಹಿಸಿಬಿಡುವುದು ಅವರಿಗೆ ನಷ್ಟವೇ. ಆದ್ದರಿಂದ ಹೊಣೆಯನ್ನು ಅವರೊಬ್ಬರ ಮೇಲೆಯೇ ಹೊರಿಸದೆ, ಮೇಲಿನ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸಿದ ಫಲಕವನ್ನು ಪಂಚಾಯತಿಯೇ ಮಳಿಗೆಗೆ ಒದಗಿಸಬಹುದು. ಓದಲು ಬಾರದವರಿಗೆ ಮಳಿಗೆಯವರು ಓದಿ ಹೇಳಬೇಕೆಂಬುದನ್ನು ಸ್ಥಳ ಹಂಚಿಕೆಯ ಷರತ್ತುಗಳಲ್ಲಿ ಸೇರಿಸಬಹುದು. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ ಎಂಬ ಸಾಲೂ ಅದರಲ್ಲಿರಲಿ. ಗ್ರಾಮದ ಯುವಕರಿಗೆ ಇದು ತಿಳಿದಿರುವುದು ಕಡಿಮೆ. ಜಾತ್ರೆಗೆ ಒಂದು ವಾರ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಫಲಕದ ಒಕ್ಕಣೆಯನ್ನು ತೋರಿಸಿ ತಿದ್ದಿಸಿಕೊಳ್ಳುವುದು ಸೂಕ್ತ.